ಟೊಮೆಟೊ ಗಿಡ ಎದೆಮಟ್ಟ ಬಂದಿದೆ, ಕಾಯಿ ಮಾತ್ರ ಒಂದೂ ಇಲ್ಲ. ಚಿಕ್ಕ ಬಾಲ್ಕನಿಯಲ್ಲಿ ನಿಜಕ್ಕೂ ಏನು ಬೆಳೆಯಬಹುದು?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರನೇ ಮಹಡಿ. ಬಾಲ್ಕನಿ 10 ಅಡಿ ಉದ್ದ, 4 ಅಡಿ ಅಗಲ. ಬಟ್ಟೆ ಒಣಹಾಕುವ ತಂತಿ, ಒಂದು ಕುರ್ಚಿ ಬಿಟ್ಟರೆ ಉಳಿದದ್ದೆಲ್ಲ ಕುಂಡಗಳದ್ದೇ. ಟೊಮೆಟೊ, ಮೆಣಸಿನಕಾಯಿ, ಸೌತೆ ಹಾಕಿದ್ದೇನೆ. ಟೊಮೆಟೊ ಗಿಡ ನನ್ನ ಎದೆಮಟ್ಟ ಬಂದಿದೆ. ಎಲೆ ಕಡುಹಸಿರು, ಕಾಂಡ ದಪ್ಪ. ಹೂವೂ ಬಿಡುತ್ತದೆ. ಆದರೆ ತೊಟ್ಟು ಹಳದಿಯಾಗಿ ಹೂವು ಉದುರಿಬಿಡುತ್ತದೆ. ಸೌತೆಯಲ್ಲಿ ಬೆರಳುದ್ದದ ಮಿಡಿ ಕಾಣಿಸುತ್ತದೆ, ಆಮೇಲೆ ಅದೂ ಸೊರಗಿ ಒಣಗುತ್ತದೆ. ಮೆಣಸಿನ ಎಲೆ ಮುದುಡಿಕೊಂಡಿದೆ.

ಬೆಳಿಗ್ಗೆ ಬಿಸಿಲು ಬರುತ್ತದೆ. ಆಮೇಲೆ ಎದುರಿನ ಕಟ್ಟಡದ ನೆರಳು. ವಾರಕ್ಕೊಮ್ಮೆ ದ್ರವ ಗೊಬ್ಬರ ತಪ್ಪಿಸುವುದಿಲ್ಲ. ಮನೆಯವರು "ಕೊಂಡು ತಂದರೆ ಆಗಲ್ವಾ" ಎನ್ನುತ್ತಿದ್ದಾರೆ. ಮುಂದುವರಿಸಲೋ, ನಾಲ್ಕು ಹೂವಿನ ಗಿಡ ಇಟ್ಟು ಸುಮ್ನಿರಲೋ?

ಮಣ್ಣುಕೈ

ನಿಲ್ಲಿಸುವ ಮಾತು ಆಮೇಲೆ. ಮೊದಲು ಎರಡು ವಿಷಯ ಹೇಳಿ. ಟೊಮೆಟೊ ಕುಂಡ ಎಷ್ಟು ಲೀಟರಿನದು? ನೇರ ಬಿಸಿಲು ಎಷ್ಟು ಗಂಟೆ?

ಎರಡನೆಯದಕ್ಕೆ ಅಂದಾಜಿನ ಉತ್ತರ ಬೇಡ. ರಜೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಫೋಟೊ ತೆಗೆಯಿರಿ. ನೆಲದ ಮೇಲೆ ಎಷ್ಟು ಹೊತ್ತು, ಕಂಬಿಯ ಎತ್ತರದಲ್ಲಿ ಎಷ್ಟು ಹೊತ್ತು ಅಂತ ಬೇರೆ ಬೇರೆ ಬರೆದುಕೊಳ್ಳಿ. ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ಎಲ್ಲರೂ ಕೇಳುತ್ತಾರೆ. ನಗರದಲ್ಲಿ ದಿಕ್ಕಿಗಿಂತ ಎದುರಿನ ಕಟ್ಟಡದ ಎತ್ತರವೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಅನುಮಾನಪ್ಪ

ಮನೆಯವರ ಪರವಾಗಿ ನಾನೊಬ್ಬ ಮಾತಾಡುತ್ತೇನೆ, ಬೈಯಬೇಡಿ. ಕುಂಡ, ಮಣ್ಣು, ಗೊಬ್ಬರ, ಬೀಜ, ಬೇವಿನೆಣ್ಣೆ ಎಲ್ಲದರ ಖರ್ಚು ಕೂಡಿಸಿ. ಬಂದ ಕಾಯಿ ತೂಕಕ್ಕೆ ಹಾಕಿ. ಈ ಲೆಕ್ಕ ಎಂದಾದರೂ ತಾಳೆಯಾಗುತ್ತದಾ? ಮೇಲಾಗಿ ರಸ್ತೆಯ ಹೊಗೆ ಕುಡಿದು ಬೆಳೆದ ಸೊಪ್ಪು. ಅದನ್ನು ತಾಜಾ ಅಂತ ತಿನ್ನಬೇಕಾ?

ಎಲೆಬುಟ್ಟಿ

ಅನುಮಾನಪ್ಪ ಅವರೇ, ತೂಕದ ಲೆಕ್ಕದಲ್ಲಿ ನೀವೇ ಗೆಲ್ಲುತ್ತೀರಿ. 40 ಚದರ ಅಡಿಯಲ್ಲಿ ಮನೆಗೆ ಬೇಕಾದಷ್ಟು ಆಲೂಗಡ್ಡೆ ಬೆಳೆಯಲು ಆಗುವುದಿಲ್ಲ. ಬೆಳೆಯಲೂ ಬಾರದು. ಆಲೂಗಡ್ಡೆ, ಈರುಳ್ಳಿ, ಕುಂಬಳ ಇವೆಲ್ಲ ತಿಂಗಳುಗಟ್ಟಲೆ ಕೂರುವ ತರಕಾರಿ. ದೂರದಿಂದ ಬಂದರೂ ರುಚಿಗೆ ದೊಡ್ಡ ನಷ್ಟವಿಲ್ಲ. ಅವಕ್ಕೆ ಕುಂಡ ಕೊಡುವುದು ದಂಡ.

ಚಿಕ್ಕ ಜಾಗದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಕಿತ್ತ ಗಳಿಗೆಯಿಂದ ಬಾಯಿಗೆ ಬರುವಷ್ಟರಲ್ಲಿ ಯಾವುದು ಜಾಸ್ತಿ ಕಳೆದುಕೊಳ್ಳುತ್ತದೆ? ಹಸಿ ಬಟಾಣಿ ನೋಡಿ. ಕಿತ್ತ ಕೂಡಲೇ ಅದರ ಸಕ್ಕರೆ ಪಿಷ್ಟವಾಗಿ ಬದಲಾಗಲು ಶುರುವಾಗುತ್ತದೆ. ಗಿಡದ ಬುಡದಲ್ಲೇ ಸುಲಿದು ತಿಂದ ಬಟಾಣಿಯ ಸಿಹಿ ಮರುದಿನ ಇರುವುದಿಲ್ಲ. ಸಿಹಿ ಜೋಳದ್ದೂ ಅದೇ ಕಥೆ. ಆದರೆ ಅದರ ಪರಾಗ ಗಾಳಿಯಲ್ಲಿ ಹರಡಬೇಕು. ಗುಂಪಾಗಿ ಹಾಕದಿದ್ದರೆ ತೆನೆಯಲ್ಲಿ ಕಾಳು ತುಂಬುವುದಿಲ್ಲ. ಹಾಗಾಗಿ ಬಾಲ್ಕನಿಗೆ ಅದು ಬೇಡ.

ಕೊತ್ತಂಬರಿ, ಪುದೀನ, ಲೆಟಿಸ್, ಎಳೆ ಪಾಲಕ್ ಎಲ್ಲ ಸಾಲಿನ ಮುಂದೆ ನಿಲ್ಲುತ್ತವೆ. ಕತ್ತರಿಯಲ್ಲಿ ಬೇಕಾದಷ್ಟೇ ಕತ್ತರಿಸಿಕೊಳ್ಳಬಹುದು. ಕಟ್ಟು ತಂದು ಅರ್ಧ ಕೊಳೆಯಲು ಬಿಡುವ ಪ್ರಶ್ನೆಯೇ ಬರುವುದಿಲ್ಲ. ಆ ಉಳಿತಾಯವನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ!

ಇನ್ನು ಟೊಮೆಟೊ. ದೂರ ಸಾಗಿಸುವ ಹಣ್ಣನ್ನು ಗಟ್ಟಿಯಾಗಿರುವಾಗಲೇ ಕೀಳುತ್ತಾರೆ, ಬಣ್ಣ ದಾರಿಯಲ್ಲಿ ಬರುತ್ತದೆ. ಮನೆಯದನ್ನು ಹಣ್ಣಾಗಲು ಬಿಟ್ಟು ಕೀಳಬಹುದು. ಒಂದೇ ಕೋರಿಕೆ, ಅದನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಇದರ ಮೇಲೆ ಅಧ್ಯಯನ ಪ್ರಕಟಿಸಿದರು. 5 ಡಿಗ್ರಿ ಚಳಿಯಲ್ಲಿ ಒಂದು ವಾರ ಇಟ್ಟ ಟೊಮೆಟೊದಲ್ಲಿ ಪರಿಮಳ ಕೊಡುವ ವಸ್ತುಗಳು ಕಡಿಮೆಯಾಗಿದ್ದವು. ಹೊರಗೆ ತೆಗೆದಿಟ್ಟರೂ ಪರಿಮಳ ಪೂರ್ತಿ ಮರಳಲಿಲ್ಲ. ಸಕ್ಕರೆ, ಹುಳಿ ಹೆಚ್ಚುಕಡಿಮೆ ಹಾಗೇ ಇದ್ದವು. ಹೋಗುವುದು ಪರಿಮಳ. ಟೊಮೆಟೊ ರುಚಿ ಅಂತ ನಾವು ಅನ್ನುವುದರಲ್ಲಿ ಅದರದ್ದೇ ದೊಡ್ಡ ಪಾಲು.

ಅನುಮಾನಪ್ಪ

ಕೊತ್ತಂಬರಿ ಮಾತು ಒಪ್ಪಿದೆ. ಹೊಗೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಪಿಎಚ್‌ಏಳು

ಹೊಗೆಯ ಬಗ್ಗೆ ಕೇಳಿದ್ದು ಸರಿಯಾಗಿಯೇ ಇದೆ. ನಗರದ ಮಣ್ಣಿನಲ್ಲಿ ಮುಖ್ಯವಾಗಿ ಹೆದರಬೇಕಾದದ್ದು ಸೀಸಕ್ಕೆ. ಅದು ಬಂದದ್ದು ಎರಡು ದಾರಿಯಲ್ಲಿ, ಹಳೆಯ ಬಣ್ಣ ಮತ್ತು ಸೀಸ ಬೆರೆಸಿದ ಪೆಟ್ರೋಲ್. ವಾಹನಗಳಿಗೆ ಆ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ. ಮಾರಾಟ ನಿಂತಿತು, ಆದರೆ ಬಿದ್ದ ಸೀಸ ಕೊಳೆಯುವುದಿಲ್ಲ, ಕರಗುವುದಿಲ್ಲ. ಮೇಲ್ಮಣ್ಣಿನಲ್ಲೇ ಕೂತಿರುತ್ತದೆ.

ಹಾಗಾಗಿ ರಸ್ತೆ ಬದಿಯ ಮಣ್ಣು, ಕೆಡವಿದ ಹಳೆ ಕಟ್ಟಡದ ಜಾಗದ ಮಣ್ಣು ಕುಂಡಕ್ಕೆ ಬೇಡ. ನೆಲದಲ್ಲೇ ಬೆಳೆಯುವವರು ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಸೀಸ ಇದೆ ಎಂದಾದರೆ ಗಡ್ಡೆ, ಸೊಪ್ಪು ಬಿಟ್ಟು ಕಾಯಿ ಬಿಡುವ ಗಿಡ ಹಾಕಿ. ಟೊಮೆಟೊ, ಬೀನ್ಸ್‌ನಂಥ ಕಾಯಿಗಳಿಗೆ ಸೀಸ ಏರುವುದು ತೀರಾ ಕಡಿಮೆ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7ರ ನಡುವೆ ಇದ್ದರೆ, ಗೊಬ್ಬರ ಚೆನ್ನಾಗಿ ಬೆರೆತಿದ್ದರೆ, ಬೇರು ಅದನ್ನು ಹೀರುವುದು ಇನ್ನೂ ಕಡಿಮೆ.

ಮೂರನೇ ಮಹಡಿಯ ಕುಂಡದಲ್ಲಿ ಒಳ್ಳೆ ಮಿಶ್ರಣ ಇದ್ದರೆ ಆ ಸಮಸ್ಯೆ ಬಹುಪಾಲು ಇಲ್ಲ. ಉಳಿಯುವುದು ಎಲೆ ಮೇಲೆ ಕೂರುವ ಧೂಳು. ಅದಕ್ಕೆ ಹರಿಯುವ ನೀರಿನಲ್ಲಿ ತೊಳೆಯುವುದೇ ಉಪಾಯ. ಮಾರಾಟಕ್ಕೆ ಬರುವ ಸೊಪ್ಪನ್ನೂ ತೊಳೆದೇ ತಿನ್ನಬೇಕು, ಅಲ್ವಾ?

ಹೊಸಚಿಗುರು

ಫೋಟೊ ತೆಗೆದು ನೋಡಿದೆ. ನೆಲದ ಮೇಲೆ 3 ಗಂಟೆಗಿಂತ ಸ್ವಲ್ಪ ಜಾಸ್ತಿ ಬಿಸಿಲು. ಕಂಬಿಯ ಎತ್ತರದಲ್ಲಿ 5 ಗಂಟೆ ದಾಟುತ್ತದೆ! ಇಷ್ಟು ವ್ಯತ್ಯಾಸ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಟೊಮೆಟೊ ಇರುವುದು 8 ಲೀಟರಿನ ಬಕೆಟ್‌ನಲ್ಲಿ, ನೆಲದ ಮೇಲೆ. ಗೊಬ್ಬರದ ಡಬ್ಬಿಯ ಮೇಲೆ ಸಾರಜನಕ ಉಳಿದ ಎರಡಕ್ಕಿಂತ (ರಂಜಕ, ಪೊಟ್ಯಾಷ್) ತುಂಬಾ ಜಾಸ್ತಿ ಎಂದಿದೆ.

ಮಣ್ಣುಕೈ

ಕಾರಣ ಪೂರ್ತಿ ನಿಮ್ಮ ಬರಹದಲ್ಲೇ ಇದೆ.

ಕಾಯಿ ಬಿಡುವ ಗಿಡಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. 3 ಗಂಟೆ ಬಿಸಿಲಿಗೆ ಸಾರಜನಕ ಸುರಿದರೆ ಗಿಡ ಎಲೆ ಮಾಡುತ್ತಲೇ ಹೋಗುತ್ತದೆ. ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ. ಎದೆಮಟ್ಟ ಬಂದದ್ದು ಅದಕ್ಕೇ. ಆ ಗೊಬ್ಬರವನ್ನು ಸೊಪ್ಪಿಗೆ ಇಟ್ಟುಕೊಳ್ಳಿ. ಟೊಮೆಟೊಗೆ ಹೂವು ಶುರುವಾದ ಮೇಲೆ ಪೊಟ್ಯಾಷ್ ಜಾಸ್ತಿ ಇರುವುದನ್ನು ಕೊಡಿ.

ಕುಂಡವೂ ಸಾಲದು. ಎತ್ತರಕ್ಕೆ ಬೆಳೆಯುವ ಟೊಮೆಟೊಗೆ 20 ಲೀಟರ್ ಆದರೂ ಬೇಕು. 8 ಲೀಟರಿನಲ್ಲಿ ಮಧ್ಯಾಹ್ನದೊಳಗೆ ಮಣ್ಣು ಒಣಗಿ ಬೇರು ಸೊರಗುತ್ತದೆ, ಗಿಡ ಮೊದಲು ಹೂವನ್ನೇ ಉದುರಿಸುತ್ತದೆ. ನಿಮ್ಮ ಜಾಗಕ್ಕೆ ಗಿಡ್ಡ ಜಾತಿಯ ಚೆರ್ರಿ ಟೊಮೆಟೊ ಸರಿ. ಚಿಕ್ಕ ಹಣ್ಣಿನ ತಳಿಗಳು ಕಡಿಮೆ ಬಿಸಿಲನ್ನೂ ಸ್ವಲ್ಪ ತಡೆದುಕೊಳ್ಳುತ್ತವೆ. ಅವನ್ನು ಕಂಬಿಯ ಎತ್ತರಕ್ಕೆ ಏರಿಸಿ. ನೆಲದ 3 ಗಂಟೆ ಬಿಸಿಲು ಸೊಪ್ಪಿಗೆ, ಪುದೀನಕ್ಕೆ ಧಾರಾಳ.

ಹವೆಯನ್ನೂ ನೋಡಿ. ಹಗಲು 32 ಡಿಗ್ರಿ ದಾಟಿ ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಪರಾಗ ಕೆಲಸ ಮಾಡುವುದಿಲ್ಲ. ರಾತ್ರಿ 13ಕ್ಕಿಂತ ತಣ್ಣಗಾದರೂ ಹೂವು ನಿಲ್ಲುವುದು ಕಷ್ಟ. ಆಗ ಗೊಬ್ಬರ ಹಾಕಿ ಪ್ರಯೋಜನವಿಲ್ಲ, ಹವೆ ಬದಲಾಗುವವರೆಗೆ ಕಾಯಬೇಕು.

ಇಟ್ಟಿಗೆಗಾರೆ

20 ಲೀಟರ್, ಕಂಬಿಗೆ ಏರಿಸಿ ಅಂತೆಲ್ಲ ಹೇಳುವ ಮುಂಚೆ ಭಾರದ ಮಾತು ಬರಲಿ ಸ್ವಾಮಿ. ಒದ್ದೆ ತೋಟದ ಮಣ್ಣು ಲೀಟರಿಗೆ ಒಂದೂವರೆ ಕಿಲೋ ದಾಟುತ್ತದೆ. 20 ಲೀಟರಿನ ಕುಂಡ ಅಂದರೆ 30 ಕಿಲೋ ಮೇಲೆ. ಅಂಥದ್ದನ್ನು ಕಂಬಿಗೆ ನೇತುಹಾಕುವುದು ಅಪಾಯ. ಕೆಳಗೆ ಜನ ಓಡಾಡುತ್ತಾರೆ. ಗಟ್ಟಿಯಾದ ಸ್ಟ್ಯಾಂಡ್ ಮೇಲೆ, ಕಂಬಿಯ ಒಳಗಡೆ ಇಡಿ. ಸ್ಟ್ಯಾಂಡನ್ನು ಗೋಡೆಗೆ ಕಟ್ಟಿ. ಭಾರವಾದ ಕುಂಡಗಳು ಮನೆಗೋಡೆಯ ಬದಿಗೆ ಇರಲಿ, ಬಾಲ್ಕನಿಯ ಹೊರ ಅಂಚಿಗಲ್ಲ. ಹಳೆ ಕಟ್ಟಡ ಆದರೆ ಬಿರುಕು ಇದೆಯಾ ನೋಡಿಸಿ.

ಮಣ್ಣುಕೈ

ಸರಿಯಾದ ಮಾತು. ಅದಕ್ಕೇ ಬರೀ ಮಣ್ಣು ತುಂಬಬಾರದು. ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ, ಸ್ವಲ್ಪ ಮಣ್ಣು ಬೆರೆಸಿದರೆ ಭಾರ ತುಂಬಾ ಇಳಿಯುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದು, ನೀರಲ್ಲಿ ನೆನೆಸಿ ತೊಳೆದು ಬಳಸಿ. ಬರೀ ತೋಟದ ಮಣ್ಣು ಕುಂಡದಲ್ಲಿ ನೀರು ಹಾಕಿ ಹಾಕಿ ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ.

ಮಳೆಬಿಲ್ಲು

ಕುಂಡದ ತಳಕ್ಕೆ ಎರಡಿಂಚು ಜಲ್ಲಿ ಹಾಕಿ. ನೀರು ಚೆನ್ನಾಗಿ ಬಸಿಯುತ್ತದೆ.

ಪಿಎಚ್‌ಏಳು

ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಆಗುವುದು ಉಲ್ಟಾ. ನುಣ್ಣನೆ ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆಯುವವರೆಗೆ ಜಲ್ಲಿಯ ಮೇಲೇ ನಿಲ್ಲುತ್ತದೆ. ಅಂದರೆ ತಳದಲ್ಲಿರುವ ಒದ್ದೆ ಪದರ ಎರಡಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಭಾರ ಬೇರೆ ಜಾಸ್ತಿ. ತೂತಿನ ಮೇಲೆ ಬಲೆಯ ತುಂಡು ಹಾಕಿದರೆ ಸಾಕು.

ದುಂಬಿಗೆಳೆಯ

ಹೂವು ಉದುರುವುದಕ್ಕೆ ಇನ್ನೊಂದು ಕಾರಣ ಯಾರೂ ಹೇಳಲಿಲ್ಲ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇವೆ. ಪರಾಗ ಮಾತ್ರ ಒಂದು ಕೊಳವೆಯ ಒಳಗೆ ಕೂತಿರುತ್ತದೆ. ಅಲುಗಾಡಿಸಿದರೆ ಉದುರುತ್ತದೆ. ಹೊಲದಲ್ಲಿ ಆ ಕೆಲಸ ಗಾಳಿ ಮಾಡುತ್ತದೆ. ಕೆಲವು ಜಾತಿಯ ದುಂಬಿಗಳು ಹೂವನ್ನು ಹಿಡಿದುಕೊಂಡು ಮೈ ನಡುಗಿಸಿ ಪರಾಗ ಉದುರಿಸುತ್ತವೆ. ಜೇನುಹುಳುವಿಗೆ ಆ ವಿದ್ಯೆ ಬರುವುದಿಲ್ಲ. ಮೂರು ಕಡೆ ಗೋಡೆ ಇರುವ ಬಾಲ್ಕನಿಯಲ್ಲಿ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ, ಹವೆ ಒಣಗಿದ್ದಾಗ, ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಕೆಲವರು ಕರೆಂಟಿನ ಹಲ್ಲುಜ್ಜುವ ಬ್ರಷ್‌ನ ಹಿಂಬದಿ ತಾಗಿಸುತ್ತಾರೆ. ನಗಬೇಡಿ, ಕೆಲಸ ಆಗುತ್ತದೆ.

ಸೌತೆಯದು ಬೇರೆ ಕಥೆ. ಅದರಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಮೊದಲೇ ಇರುತ್ತದೆ. ನೀವು ಕಾಯಿ ಕಟ್ಟಿತು ಅಂದುಕೊಂಡದ್ದು ಅದನ್ನೇ. ಪರಾಗ ಸಿಗದಿದ್ದರೆ ಅದು ಹಳದಿಯಾಗಿ ಒಣಗುತ್ತದೆ. ಬೆಳಿಗ್ಗೆ ಅರಳಿದ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಸವರಿ. ಸೌತೆ, ಕುಂಬಳಕ್ಕೆ ಬೆಳಿಗ್ಗೆಯೇ ಸಮಯ. ಹೀರೆ, ಸೋರೆ ಹೂವು ಅರಳುವುದು ಸಂಜೆ, ಅವಕ್ಕೆ ಆಗಲೇ ಮಾಡಬೇಕು. ಶುರುವಿನಲ್ಲಿ ಬರೀ ಗಂಡು ಹೂವು ಬಂದರೆ ಗಾಬರಿ ಬೇಡ, ಹೆಣ್ಣು ಹೂವು ಹಿಂದೆ ಬರುತ್ತದೆ. ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಪರಾಗ ಇಲ್ಲದೆಯೇ ಕಾಯಿ ಕಟ್ಟುವ ಸೌತೆ ತಳಿಗಳೂ ಇವೆ. ಬೀಜದ ಪೊಟ್ಟಣದ ಮೇಲೆ ಬರೆದಿರುತ್ತಾರೆ.

ಕೆಂಪುಗಲ್ಲ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಟೊಮೆಟೊ ಕಾಯಿ ಕಟ್ಟಿದೆ, ಆದರೆ ತಳಭಾಗ ಕಪ್ಪಾಗಿ ಚರ್ಮದ ಹಾಗೆ ಆಗುತ್ತಿದೆ. ಯಾವ ಔಷಧಿ ಹೊಡೆಯಲಿ?

ಮಳೆಬಿಲ್ಲು

ಸುಣ್ಣದ ಕೊರತೆ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ.

ಮಣ್ಣುಕೈ

ಅರ್ಧ ಸರಿ. ಕಾಯಿಯ ತುದಿಗೆ ಸುಣ್ಣದಂಶ ತಲುಪಿಲ್ಲ, ಅದು ನಿಜ. ಆದರೆ ಹೆಚ್ಚಿನ ಸಲ ಮಣ್ಣಿನಲ್ಲಿ ಅದು ಬೇಕಾದಷ್ಟು ಇರುತ್ತದೆ. ಅದು ನೀರಿನ ಜೊತೆಗೇ ಸಾಗಬೇಕು. ಒಂದು ದಿನ ಪೂರ್ತಿ ಒಣಗಿಸಿ ಮರುದಿನ ಕೊಡ ಸುರಿದರೆ ಸಾಗಾಟ ನಿಂತು ನಿಂತು ಆಗುತ್ತದೆ. ಚಿಪ್ಪು ಕರಗಲು ತಿಂಗಳುಗಳು ಬೇಕು, ಈ ಫಸಲಿಗೆ ಅದು ಸಿಗುವುದಿಲ್ಲ. ರೋಗವಲ್ಲ, ಹಾಗಾಗಿ ಔಷಧಿ ಬೇಡ. ಕಪ್ಪಾದ ಕಾಯಿ ಕಿತ್ತುಹಾಕಿ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಬೆರಳು ಎರಡಿಂಚು ಇಳಿಸಿ ನೋಡಿ, ಒಣಗಿದ್ದರೆ ತಳದಿಂದ ಹೊರಬರುವಷ್ಟು ನೀರು ಕೊಡಿ. ಬಿಸಿಲು ಕಾಲದಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಒಂದು ವಾರದಲ್ಲಿ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಎಲೆಬುಟ್ಟಿ

ಹೊಸಚಿಗುರು ಅವರೇ, ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದೆಯೋ, ಕೆಳಮುಖವಾಗಿಯೋ? ಮೇಲಕ್ಕೆ ಆದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಆದರೆ ಮೈಟ್ ನುಸಿ. ಎರಡೂ ಎಲೆಯ ಅಡಿಯಲ್ಲೇ ಇರುತ್ತವೆ, ಹಾಗಾಗಿ ಎಲೆಯ ಮೇಲ್ಭಾಗಕ್ಕೆ ಮಾತ್ರ ಸಿಂಪಡಿಸಿದರೆ ಏನೂ ಆಗುವುದಿಲ್ಲ. ತೀರಾ ಮುದುಡಿದ ತುದಿ ಕತ್ತರಿಸಿ. ಎಲೆಯ ಅಡಿಗೆ ನೀರನ್ನು ಜೋರಾಗಿ ಹಾಯಿಸಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪು ಬೆರೆಸಿ ಸಂಜೆ ಹೊಡೆಯಿರಿ. ಬಿಸಿಲಿಗೆ ಬೇವಿನ ಅಂಶ ಬೇಗ ಹಾಳಾಗುತ್ತದೆ, ಎಲೆಯೂ ಸುಡಬಹುದು. ವಾರ ಬಿಟ್ಟು ಮತ್ತೊಮ್ಮೆ. ಹೊಸ ಚಿಗುರು ನೆಟ್ಟಗೆ ಬಂದರೆ ಗೆದ್ದಿರಿ. ಹಳೆ ಎಲೆ ಬಿಚ್ಚಿಕೊಳ್ಳುವುದಿಲ್ಲ, ಅದನ್ನು ನೋಡಿ ಬೇಸರ ಬೇಡ. ಎಲೆ ಹಳದಿ ಮಚ್ಚೆಯಾಗಿ ಗಿಡ ಕುಳ್ಳಾಗಿಯೇ ಉಳಿದರೆ ಅದು ನಂಜುರೋಗ (ವೈರಸ್), ಅದಕ್ಕೆ ಮದ್ದಿಲ್ಲ. ಕಿತ್ತು ದೂರ ಹಾಕಿ.

ಇರುವೆ ಸಾಲು ಕಂಡರೂ ಗಮನಿಸಿ. ಸಸ್ಯಹೇನು ಬಿಡುವ ಸಿಹಿ ರಸಕ್ಕಾಗಿ ಇರುವೆಗಳು ಅವನ್ನು ಕಾಯುತ್ತವೆ. ಗುಲಗಂಜಿ ಹುಳು ಕಂಡರೆ ಏನೂ ಹೊಡೆಯಬೇಡಿ, ಹೇನು ತಿನ್ನುವ ಕೆಲಸ ಅದೇ ಮಾಡುತ್ತದೆ.

ಹೊಸಚಿಗುರು

ಮೇಲ್ಮುಖ. ಇವತ್ತೇ ಶುರು ಮಾಡುತ್ತೇನೆ. ಕುಂಡಗಳನ್ನೂ ಅದಲುಬದಲು ಮಾಡಿದೆ. ಕೆಳಗೆ ಪಾಲಕ್, ಪುದೀನ. ಮೇಲೆ ಸ್ಟ್ಯಾಂಡಿನಲ್ಲಿ ಚೆರ್ರಿ ಟೊಮೆಟೊ ಸಸಿ. ಎದೆಮಟ್ಟದ ಗಿಡವನ್ನು ಕೀಳಲು ಮನಸ್ಸು ಬರುತ್ತಿಲ್ಲ, ತುದಿ ಚಿವುಟಿ ಬಿಟ್ಟಿದ್ದೇನೆ. ಕೊತ್ತಂಬರಿ ಮಾತ್ರ ಮೊಳೆಯುತ್ತಿಲ್ಲ.

ಎಲೆಬುಟ್ಟಿ

ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಮೊಳಕೆಗೆ ಎರಡು ವಾರ ಹಿಡಿಯಬಹುದು. ಬೇರೆ ಕಡೆ ಸಸಿ ಮಾಡಿ ಕಿತ್ತು ನೆಡಬೇಡಿ, ತಾಯಿಬೇರು ನೊಂದರೆ ಬೇಗ ಹೂವಿಗೆ ಹೋಗುತ್ತದೆ. ಸೆಕೆ ಜಾಸ್ತಿಯಾದರೂ ಹೂವಿಗೆ ಹೋಗುತ್ತದೆ. ಒಂದೇ ಸಲ ಪೊಟ್ಟಣ ಖಾಲಿ ಮಾಡದೆ ಎರಡು ವಾರಕ್ಕೊಮ್ಮೆ ಒಂದು ಹಿಡಿ ಬಿತ್ತಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಸಿಗುತ್ತದೆ. ಪುದೀನ ಒಂದೇ ಕುಂಡದಲ್ಲಿ ಒಂಟಿಯಾಗಿ ಇರಲಿ, ಇಲ್ಲದಿದ್ದರೆ ಉಳಿದವರ ಜಾಗವನ್ನೂ ನುಂಗುತ್ತದೆ.

ದುಂಬಿಗೆಳೆಯ

ಸೌತೆ, ಸೋರೆ ಬೆಳೆಯುವವರಿಗೆ ಒಂದು ಎಚ್ಚರಿಕೆ. ಸ್ವಲ್ಪ ಕಹಿ ಇದ್ದರೆ ಬಿಸಿಲು, ನೀರಿನ ಕೊರತೆ ಕಾರಣ ಇರಬಹುದು. ತೀರಾ ಕಹಿ ಇದ್ದರೆ ಉಗುಳಿಬಿಡಿ, ಬೇಯಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಆ ಕಹಿಯೇ ವಿಷ, ಬೆಂಕಿಗೂ ಜಗ್ಗುವುದಿಲ್ಲ. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲಿ ಬೆಳೆದ ಕಹಿ ಜುಕಿನಿ (ಕುಂಬಳದ ಜಾತಿಯ ಕಾಯಿ) ತಿಂದು 79 ವರ್ಷದ ಒಬ್ಬರು ತೀರಿಕೊಂಡರು. ಕುಂಬಳದ ಜಾತಿಯಲ್ಲಿ ಅಲಂಕಾರದ ಕಾಯಿಗಳ ಜೊತೆ ಪರಾಗ ಬೆರೆತರೆ ಮುಂದಿನ ತಲೆಮಾರಿನ ಬೀಜದಲ್ಲಿ ಕಹಿ ಬರುತ್ತದೆ. ಕಸದ ಗುಂಡಿಯಲ್ಲಿ ತಾನಾಗಿ ಹುಟ್ಟಿದ ಕುಂಬಳದ ಕಾಯಿಯನ್ನು ಅಡುಗೆಗೆ ಮುಂಚೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಹಾಗಲದ ಕಹಿ ಬೇರೆ, ಅದರ ಸ್ವಭಾವವೇ ಅದು.

ಅನುಮಾನಪ್ಪ

ಒಂದು ಪ್ರಶ್ನೆ, ನನಗಲ್ಲ, ಪರಿಚಯದವರಿಗೆ. ಅವರ ಚೆರ್ರಿ ಟೊಮೆಟೊ ರುಚಿ ಚೆನ್ನಾಗಿದೆಯಂತೆ. ಹಕ್ಕಿಗಳಿಗೂ ಅದು ಗೊತ್ತಾಗಿಬಿಟ್ಟಿದೆ. ಅದೇ ಹಣ್ಣಿನ ಬೀಜ ಇಟ್ಟುಕೊಂಡು ಮುಂದಿನ ಸಲ ಹಾಕಬಹುದಾ?

ಮಣ್ಣುಕೈ

ನಿಮ್ಮ ಪರಿಚಯದವರು ತಂದದ್ದು ಹೈಬ್ರಿಡ್ ಬೀಜವೋ, ನಾಟಿ ತಳಿಯೋ ಕೇಳಿ. ಪೊಟ್ಟಣದ ಮೇಲೆ ಎಫ್1 ಎಂದಿದ್ದರೆ ಅದು ಹೈಬ್ರಿಡ್, ಮುಂದಿನ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ನಾಟಿ ಆದರೆ ಟೊಮೆಟೊ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದು ಜಾಸ್ತಿ, ಹಾಗಾಗಿ ಅದೇ ತಳಿ ಉಳಿಯುತ್ತದೆ. ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ಲೋಳೆ ಸಮೇತ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ, ಎರಡು ಮೂರು ದಿನ ಹುಳಿ ಬರಲು ಬಿಡಿ. ವಾಸನೆ ಬರುತ್ತದೆ, ಅಡುಗೆಮನೆಯಲ್ಲಿ ಇಡಬೇಡಿ. ಲೋಳೆ ಬಿಟ್ಟುಕೊಂಡು ಒಳ್ಳೆ ಬೀಜ ತಳಕ್ಕೆ ಇಳಿಯುತ್ತದೆ. ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ತೇವ ತಾಗದ ಡಬ್ಬಿಯಲ್ಲಿ, ತಂಪಾದ ಜಾಗದಲ್ಲಿ ಇಟ್ಟರೆ ನಾಲ್ಕು ವರ್ಷದವರೆಗೂ ಮೊಳೆಯುತ್ತದೆ.

ಹಕ್ಕಿಗೆ ಉಪಾಯ ಬೇಕಾದರೆ, ಬಣ್ಣ ತಿರುಗಲು ಶುರುವಾದಾಗಲೇ ಕಿತ್ತು ಒಳಗಿಡಲು ಹೇಳಿ. ಅಲ್ಲಿಂದ ಮುಂದೆ ಹಣ್ಣಾಗಲು ಅದಕ್ಕೆ ಗಿಡ ಬೇಡ, ಬಿಸಿಲೂ ಬೇಡ. 20ರಿಂದ 25 ಡಿಗ್ರಿ ಇದ್ದರೆ ಸಾಕು. ಬೀಜಕ್ಕೆ ಇಡುವ ಹಣ್ಣನ್ನು ಮಾತ್ರ ಗಿಡದಲ್ಲೇ ಬಿಟ್ಟು ಬಲೆಚೀಲ ಕಟ್ಟಿ.